ಸೊಳ್ಳೆಗೊಂದು ಆಣೆ

ಕನ್ನಡ ಪಾಠ ಹೇಳುವ ಮಾಸ್ತರನಿಗೂ ದಾದಿಯರ ಸಂಶೋಧನೆಗೂ ಏನು ನಂಟು ಎಂದು ವಾಚಕರು ಕೇಳಬಹುದು. ಕಲಬುರಗಿಯ ಒಂದು ನರ್ಸಿಂಗ್ ಕಾಲೇಜಿನ ಪ್ರಾಚಾರ್ಯರು ಎರಡು ವರ್ಷಗಳ ಹಿಂದೆ ನಮ್ಮ ಮನೆಗೆ ಬಂದು, ತಮ್ಮಲ್ಲಿಯ ನೈತಿಕ ಸಮಿತಿಗೆ ನಾನೊಬ್ಬ ಸದಸ್ಯನಾಗಬೇಕೆಂದು ಹೇಳಿದಾಗ ನಾನೂ ಇದನ್ನೇ ಕೇಳಿದೆನು. ನನಗೆ ವೈದ್ಯವೂ ತಿಳಿಯದು, ಕಾಯಿದೆಯೂ ತಿಳಿಯದು ಎಂದೆ. “ಅದಕ್ಕಽ ನೀವು ಬೇಕಾಗೀರಿ ಸರ” ಎಂದು ಅವರು ನಕ್ಕರು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನಿಯಮದಂತೆ ಇಂಥ ಸಮಿತಿಯಲ್ಲಿ ವೈದ್ಯರು, ಕಾಯಿದೆ ಬಲ್ಲವರು, ಸಮಾಜಶಾಸ್ತ್ರ ಓದಿದವರು ಇವರೊಡನೆ ಈ ಯಾವುದನ್ನೂ ಅರಿಯದ ಸಾಮಾನ್ಯ ಮನುಷ್ಯನೊಬ್ಬನೂ ಇರಬೇಕು. ನನ್ನ ಎಂ.ಎ. ಪದವಿ ಈ ಅರ್ಹತೆಗೆ ಅಡ್ಡಿಯಾಗಲಿಲ್ಲ.

ಬಿ.ಎಸ್ಸಿ. ನರ್ಸಿಂಗ್ ಓದುವ ಹುಡುಗಿಯರಿಗೆ (ಈಗ ಹುಡುಗರೂ ಬಹಳ ಮಂದಿ ಇದ್ದಾರೆ) ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರವೆಂಬುದು ಒಂದು ಪಾಠ. ಗುಂಪಾಗಿ ಒಂದು ಸಣ್ಣ ಅಧ್ಯಯನವನ್ನೂ ಅವರು ಮಾಡಿ ಮುಗಿಸಬೇಕು. ಅವರ ಪಠ್ಯಪುಸ್ತಕವನ್ನು ನಾನೂ ತರಿಸಿಕೊಂಡು ಓದಿದೆನು. ಪ್ರಶ್ನೆಯನ್ನು ಹೇಗೆ ಗೊತ್ತುಮಾಡಬೇಕು, ಜನರನ್ನು ಹೇಗೆ ಆಯಬೇಕು, ಲೆಕ್ಕ ಹೇಗೆ ಹಾಕಬೇಕು, ಒಪ್ಪಿಗೆ ಹೇಗೆ ಪಡೆಯಬೇಕು, ಎಲ್ಲವೂ ಅಂಕಿ ಹಾಕಿದ ಸಾಲುಗಳಲ್ಲಿ ಅಚ್ಚುಕಟ್ಟಾಗಿ ಇದ್ದವು. ಆದರೆ ಈ ನಿಯಮಗಳು ಆಕಾಶದಿಂದ ಉದುರಿದವೋ ಎಂಬಂತೆ ಕಾಣುತ್ತಿದ್ದವು. ಒಂದೊಂದು ನಿಯಮದ ಹಿಂದೆಯೂ ಒಬ್ಬ ಮನುಷ್ಯ ಇದ್ದಾನೆ, ಎಷ್ಟೋ ವೇಳೆ ಒಂದು ಹೆಣವೂ ಇದೆ ಎಂಬುದು ಚರಿತ್ರೆಯನ್ನು ತಿರುವಿದ ಮೇಲಷ್ಟೇ ನನಗೆ ತಿಳಿಯಿತು. ಹುಡುಗಿಯರಿಗೆ ಒಂದು ತಾಸು ಮಾತನಾಡಬೇಕೆಂದು ಪ್ರಾಚಾರ್ಯರು ಹೇಳಿದಾಗ ನಾನು ಆ ಕತೆಗಳನ್ನೇ ಹೇಳಿದೆನು. ಮೊದಲನೆಯದು ನಮ್ಮ ಹಳೆಯ ಸಂಸ್ಥಾನದ್ದೇ.

೧೯೪೮ರವರೆಗೆ ಕಲಬುರಗಿ ನಿಜಾಮರ ರಾಜ್ಯದಲ್ಲಿತ್ತು. ನಮ್ಮ ಹಿರಿಯರಿಗೆ ಹಾಲಿ ಮತ್ತು ಕಲದಾರ್ ಎಂದು ಎರಡು ಬಗೆಯ ನಾಣ್ಯಗಳ ಲೆಕ್ಕ ಗೊತ್ತಿತ್ತು. ಹಾಲಿ ನಿಜಾಮರದು, ಕಲದಾರ್ ಇಂಗ್ಲಿಷರದು. ಅದೇ ನಿಜಾಮರ ರಾಜ್ಯದೊಳಗೆ ಇಂಗ್ಲಿಷರ ದಂಡು ಇಳಿದಿದ್ದ ಊರು ಸಿಕಂದರಾಬಾದು. ಅಲ್ಲಿ ೧೮೯೭ರಲ್ಲಿ ರೊನಾಲ್ಡ್ ರಾಸ್ ಎಂಬ ಸೈನ್ಯದ ವೈದ್ಯನು ಚಳಿಜ್ವರಕ್ಕೂ ಸೊಳ್ಳೆಗೂ ಇರುವ ನಂಟನ್ನು ಹುಡುಕುತ್ತ ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದನು. ಈ ಮನುಷ್ಯನಿಗೆ ಸೊಳ್ಳೆಯ ಪರಿಚಯವಾದದ್ದು ನಮ್ಮ ಬೆಂಗಳೂರಿನಲ್ಲಿ. ೧೮೮೩ರಲ್ಲಿ ಅಲ್ಲಿಗೆ ಬಂದಾಗ ತನ್ನ ಬಂಗಲೆಯಲ್ಲಿ ಸೊಳ್ಳೆ ಕಾಟ ಹೆಚ್ಚಾಗಿರುವುದನ್ನು ಕಂಡು, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಅವು ಹುಟ್ಟುತ್ತಿವೆ ಎಂದು ಗುರುತಿಸಿ ಅದನ್ನು ಬೋರಲು ಹಾಕಿಸಿದ್ದನು. ಕಾಟ ಕಡಿಮೆಯಾಯಿತು. ಸಂಶೋಧನೆಯ ಮೊದಲ ಪಾಠ ಇದಕ್ಕಿಂತ ಸರಳವಾಗಿ ಎಲ್ಲಿ ಸಿಕ್ಕೀತು? ಕಂಡದ್ದಕ್ಕೆ ಕಾರಣ ಊಹಿಸು, ಕಾರಣವನ್ನು ತೆಗೆದು ನೋಡು.

ಆದರೆ ಊಹೆ ಎಲ್ಲ ಸಲವೂ ಸರಿಯಾಗಿರುವುದಿಲ್ಲ. ರಾಸನ ಗುರು ಪ್ಯಾಟ್ರಿಕ್ ಮ್ಯಾನ್ಸನ್ ಲಂಡನ್ನಿನಲ್ಲಿದ್ದು, ಸೊಳ್ಳೆಯು ನೀರಿನಲ್ಲಿ ಸತ್ತು ಬೀಳುತ್ತದೆ, ಆ ನೀರು ಕುಡಿದವರಿಗೆ ಜ್ವರ ಬರುತ್ತದೆ ಎಂದು ತರ್ಕಿಸಿದ್ದನು. ಶಿಷ್ಯನು ೧೮೯೫ರಲ್ಲಿ ಸಿಕಂದರಾಬಾದಿನಲ್ಲಿ ಅಂಥ ನೀರನ್ನು ಮನುಷ್ಯರಿಗೇ ಕುಡಿಸಿ ನೋಡಿದನು. ಗುರುವಿನ ಊಹೆ ತಪ್ಪೆಂದು ಮುಂದೆ ಗೊತ್ತಾಯಿತು. ತಪ್ಪು ಊಹೆಯನ್ನು ಪರೀಕ್ಷಿಸುವುದು ಶಾಸ್ತ್ರದ ಧರ್ಮವೇ ಹೌದು. ಆದರೆ ಊಹೆ ಲಂಡನ್ನಿನದು, ನೀರು ಕುಡಿದ ಬಾಯಿ ಇಲ್ಲಿಯವರದು.

೧೮೯೭ರ ಆಗಸ್ಟ್ ೧೬ರಂದು ಹುಸೇನ್ ಖಾನ್ ಎಂಬ ಜ್ವರದ ರೋಗಿಯನ್ನು ರಾಸ್ ಒಂದು ಸೊಳ್ಳೆಪರದೆಯೊಳಗೆ ಮಲಗಿಸಿ, ತಾನೇ ಹುಳುಗಳಿಂದ ಸಾಕಿ ಬೆಳೆಸಿದ್ದ ಒಂದು ಜಾತಿಯ ಸೊಳ್ಳೆಗಳನ್ನು ಒಳಗೆ ಬಿಟ್ಟನು. ಪರದೆ ಇರುವುದು ಸೊಳ್ಳೆಯನ್ನು ಹೊರಗಿಡಲಿಕ್ಕೆ. ಇಲ್ಲಿ ಅದು ಒಳಗಿಡಲಿಕ್ಕೆ ಬಳಕೆಯಾಯಿತು. ರಕ್ತ ಕುಡಿದ ಒಂದೊಂದು ಸೊಳ್ಳೆಗೆ ಹುಸೇನ್ ಖಾನನಿಗೆ ಒಂದೊಂದು ಆಣೆ ಕೂಲಿ. ಆ ಸೊಳ್ಳೆಗಳನ್ನು ದಿನಕ್ಕಿಷ್ಟರಂತೆ ಸೀಳಿ ನೋಡುತ್ತ ಬಂದು, ಆಗಸ್ಟ್ ೨೦ರಂದು ಒಂದರ ಜಠರದ ಗೋಡೆಯಲ್ಲಿ ಕಪ್ಪು ಕಣಗಳಿದ್ದ ದುಂಡನೆಯ ಕೋಶಗಳನ್ನು ರಾಸ್ ಕಂಡನು. ಜಗತ್ತು ಈಗಲೂ ಆ ದಿನವನ್ನು ಸೊಳ್ಳೆಯ ದಿನವೆಂದು ನೆನೆಯುತ್ತದೆ. ೧೯೦೨ರಲ್ಲಿ ರಾಸನಿಗೆ ನೊಬೆಲ್ ಪಾರಿತೋಷಕ ಬಂದಿತು.

ಹುಡುಗಿಯರಿಗೆ ನಾನು ಇಲ್ಲಿ ಎರಡು ಮಾತು ಹೇಳಿದೆನು. ಒಂದು, ಅವನ ಪದ್ಧತಿ. ಆ ವರ್ಷದ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಅಚ್ಚಾದ ಅವನ ಲೇಖನದ ಶಿರೋನಾಮೆಯಲ್ಲಿಯೇ ತಾನು ನೋಡಿದ್ದು ಎರಡು ಸೊಳ್ಳೆಗಳಲ್ಲಿ ಎಂದು ಬರೆದಿದ್ದಾನೆ. ಮಲೇರಿಯಾದ ಗುಟ್ಟು ಬಯಲಾಯಿತು ಎಂದು ಡಂಗುರ ಹೊಡೆಯಲಿಲ್ಲ; ಕೆಲವು ವಿಚಿತ್ರ ಕೋಶಗಳು ಎಂದಷ್ಟೇ ಕರೆದನು. ತನ್ನೊಬ್ಬನ ಕಣ್ಣನ್ನೇ ನಂಬದೆ ಸ್ಮಿತ್ ಎಂಬ ಇನ್ನೊಬ್ಬ ವೈದ್ಯನಿಗೂ ತೋರಿಸಿದನು. ಮರುವರ್ಷ ಕಲಕತ್ತೆಯಲ್ಲಿ ಗುಬ್ಬಿಗಳ ಮೇಲೆ ಮಾಡಿದ ಪ್ರಯೋಗವಂತೂ ಮಕ್ಕಳಿಗೂ ಅರ್ಥವಾಗುವಂಥದು. ರೋಗಾಣು ತುಂಬಿದ್ದ ಗುಬ್ಬಿಯ ರಕ್ತ ಕುಡಿದ ೧೦ ಸೊಳ್ಳೆಗಳಲ್ಲಿ ೧,೦೦೯ ಕೋಶಗಳು ಸಿಕ್ಕವು. ಮಧ್ಯಮವಾಗಿದ್ದ ಗುಬ್ಬಿಯ ರಕ್ತ ಕುಡಿದ ೧೦ರಲ್ಲಿ ೨೯೨. ರೋಗವಿಲ್ಲದ ಗುಬ್ಬಿಯ ರಕ್ತ ಕುಡಿದ ೧೦ರಲ್ಲಿ ಸೊನ್ನೆ. ಆ ಸೊನ್ನೆ ಇಲ್ಲದಿದ್ದರೆ ಮೇಲಿನ ಎರಡು ಅಂಕಿಗಳಿಗೆ ಬೆಲೆ ಇಲ್ಲ. ಪಠ್ಯಪುಸ್ತಕದಲ್ಲಿ ಇದಕ್ಕೆ ನಿಯಂತ್ರಿತ ಗುಂಪು ಎಂಬ ದೊಡ್ಡ ಹೆಸರಿದೆ.

ಎರಡನೆಯದು ಆ ಆಣೆ. ಹುಸೇನ್ ಖಾನನಿಗೆ ಆಗಲೇ ಜ್ವರವಿತ್ತು, ಸೊಳ್ಳೆ ಕಚ್ಚಿದ್ದರಿಂದ ಹೊಸ ರೋಗವೇನೂ ಬರಲಿಲ್ಲ, ಕೂಲಿಯೂ ಸಂದಿತು. ಆದ್ದರಿಂದ ಅನ್ಯಾಯವೇನಾಯಿತು ಎಂದು ಒಬ್ಬ ಹುಡುಗ ಕೇಳಿದನು. ಪ್ರಶ್ನೆ ಒಳ್ಳೆಯದೇ. ನಾನು ತಿರುಗಿ ಕೇಳಿದೆ: ಅವನು ಒಲ್ಲೆ ಎಂದಿದ್ದರೆ? ಅವನು ಮಲಗಿದ್ದದ್ದು ಅದೇ ವೈದ್ಯನ ಆಸ್ಪತ್ರೆಯಲ್ಲಿ, ಅವನಿಗೆ ಮದ್ದು ಕೊಡಬೇಕಾದವನೂ ಅದೇ ವೈದ್ಯ. ಆಣೆಯನ್ನು ಬೇಡವೆನ್ನಬಹುದು, ಮದ್ದು ಕೊಡುವ ಕೈಗೆ ಬೇಡವೆನ್ನುವುದು ಹೇಗೆ? ವರ್ಗವೆಲ್ಲ ಸುಮ್ಮನಾಯಿತು.

ಈ ಒಲ್ಲೆ ಎಂಬ ಮಾತಿನ ಬಗೆಗೆ ಕನ್ನಡದ ಮಾಸ್ತರನಾಗಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ದಕ್ಷಿಣದವರು ಬೇಡ ಎನ್ನುತ್ತಾರೆ, ಆಗುವುದಿಲ್ಲ ಎನ್ನುತ್ತಾರೆ. ಒಲ್ಲೆ ಎಂಬುದು ಬೇರೆ. ಒಲ್ ಎಂಬ ಹಳೆಯ ಧಾತುವಿಗೆ ಮನಸ್ಸು ಕೊಡು, ಪ್ರೀತಿಸು ಎಂದು ಅರ್ಥ. ಒಲವು, ಒಲಿ ಎಲ್ಲವೂ ಅದರ ಬಳಗ. ಒಲ್ಲೆ ಎಂದರೆ ನನ್ನ ಮನಸ್ಸು ಇದಕ್ಕೆ ಇಲ್ಲ ಎಂದು. ಕಾರಣ ಕೊಡಬೇಕಾಗಿಲ್ಲ. ನಮ್ಮ ಕಡೆಯ ಹಳ್ಳಿಯ ಕೂಸೂ ಈ ಮಾತನ್ನು ಬಲ್ಲದು. ಸಂಶೋಧನೆಯ ಚರಿತ್ರೆಯೆಲ್ಲ ಈ ಒಂದು ಕ್ರಿಯಾಪದಕ್ಕೆ ಕಾಗದದ ಮೇಲೆ ಜಾಗ ಸಿಕ್ಕ ಕತೆ ಎಂದು ನನಗೆ ತೋರುತ್ತದೆ.

ಆ ಜಾಗ ಸಿಗುವ ಹೊತ್ತಿಗೆ ಇನ್ನೊಂದು ಸೊಳ್ಳೆ ಬಂದಿತ್ತು. ೧೯೦೦ರಲ್ಲಿ ಕ್ಯೂಬಾ ದ್ವೀಪದ ಹವಾನಾದಲ್ಲಿ ಅಮೆರಿಕೆಯ ಸೈನ್ಯದ ವೈದ್ಯ ವಾಲ್ಟರ್ ರೀಡ್ ಕಾಮಾಲೆಯಂತೆ ಮೈ ಹಳದಿಯಾಗುವ ಪೀತಜ್ವರವನ್ನು ಕುರಿತು ಪ್ರಯೋಗ ನಡೆಸಿದನು. ಅವನ ಮಂಡಳಿಯ ಜೆಸ್ಸಿ ಲೇಜಿಯರ್ ಎಂಬ ವೈದ್ಯನು ಸೊಳ್ಳೆ ಕಚ್ಚಿ ಆ ಸೆಪ್ಟೆಂಬರಿನಲ್ಲಿಯೇ ತೀರಿಕೊಂಡಿದ್ದನು. ಆಮೇಲೆ ರೀಡ್ ಮಾಡಿದ ಕೆಲಸ ಗಮನಾರ್ಹವಾದದ್ದು: ಪ್ರಯೋಗಕ್ಕೆ ಬರುವವರಿಂದ ಲಿಖಿತ ಕರಾರು ಪಡೆದನು. ಬಂದವರು ಹೆಚ್ಚಾಗಿ ಸ್ಪೇನಿನಿಂದ ಹೊಟ್ಟೆಪಾಡಿಗೆ ಬಂದ ಕೂಲಿಗಳಾದ್ದರಿಂದ ಕಾಗದವು ಇಂಗ್ಲಿಷಿನಲ್ಲಿಯೂ ಸ್ಪ್ಯಾನಿಷಿನಲ್ಲಿಯೂ ಇತ್ತು. ಸೊಳ್ಳೆ ಕಚ್ಚಿಸಿಕೊಂಡವನಿಗೆ ೧೦೦ ಡಾಲರಿನ ಬಂಗಾರ, ಜ್ವರ ಬಂದರೆ ಮತ್ತೆ ೧೦೦. ಅವನವನ ಭಾಷೆಯಲ್ಲಿ ಬರೆದದ್ದು ದೊಡ್ಡ ಹೆಜ್ಜೆ. ಆದರೆ ಆ ಕರಾರಿನಲ್ಲಿ ನಡುವೆ ಬಿಟ್ಟುಹೋದರೆ ಹಣವೆಲ್ಲ ಖೋತಾ ಎಂದೂ ಬರೆದಿತ್ತು. ಒಳಗೆ ಬರುವಾಗ ಒಲ್ಲೆ ಎನ್ನಬಹುದು, ಒಳಗೆ ಬಂದ ಮೇಲೆ ಎನ್ನುವಂತಿಲ್ಲ. ಇಂದಿನ ನಿಯಮ ಇದಕ್ಕೆ ಪೂರ್ಣ ವಿರುದ್ಧ.

ಮರುವರ್ಷ ಅದೇ ಹವಾನಾದಲ್ಲಿ ಬೇರೆ ವೈದ್ಯರು ನಡೆಸಿದ ಪ್ರಯೋಗಕ್ಕೆ ಕ್ಲಾರಾ ಮಾಸ್ ಎಂಬ ದಾದಿ ಮುಂದೆ ಬಂದಳು. ಅಮೆರಿಕೆಯ ನ್ಯೂಜರ್ಸಿಯವಳು, ವಯಸ್ಸು ೨೫. ಒಮ್ಮೆ ಕಚ್ಚಿಸಿಕೊಂಡು ಸಣ್ಣ ಜ್ವರ ಬಂದು ಗುಣವಾಯಿತು. ಆಗಸ್ಟಿನಲ್ಲಿ ಮತ್ತೆ ಕಚ್ಚಿಸಿಕೊಂಡಳು. ೧೯೦೧ರ ಆಗಸ್ಟ್ ೨೪ರಂದು ಸತ್ತಳು. ಮನುಷ್ಯರ ಮೇಲಿನ ಆ ಪ್ರಯೋಗ ಅಲ್ಲಿಗೆ ನಿಂತಿತು. ಕ್ಯೂಬಾ ಆಕೆಯ ಹೆಸರಿನಲ್ಲಿ ೧೯೫೧ರಲ್ಲಿ ಅಂಚೆಚೀಟಿ ತೆಗೆಯಿತು. ಈ ಕತೆ ಹೇಳುವಾಗ ಮುಂದಿನ ಬೆಂಚಿನ ಹುಡುಗಿಯರ ಮುಖ ನೋಡಲು ನನಗೆ ಕಷ್ಟವಾಯಿತು. ಅವರದೂ ಹೆಚ್ಚುಕಡಿಮೆ ಅದೇ ವಯಸ್ಸು.

ದಾದಿಯರು ಎಲ್ಲ ಕಾಲದಲ್ಲಿಯೂ ಪ್ರಯೋಗಕ್ಕೆ ಬಲಿಯಾದರೆಂದು ತಿಳಿಯಬಾರದು. ಈ ವೃತ್ತಿಯ ಮೂಲಪುರುಷಿ ಎನ್ನಬಹುದಾದ ಫ್ಲಾರೆನ್ಸ್ ನೈಟಿಂಗೇಲ್ ದೀಪ ಹಿಡಿದ ದೇವಿಯಾಗಿ ನಮ್ಮ ಶಾಲಾಪುಸ್ತಕಗಳಲ್ಲಿ ನಿಂತಿದ್ದಾಳೆ. ಅವಳು ಬಹು ಗಟ್ಟಿ ಲೆಕ್ಕಗಾತಿ ಎಂಬುದನ್ನು ಯಾರೂ ಹೇಳುವುದಿಲ್ಲ. ಇಂಗ್ಲೆಂಡಿನ ಸಂಖ್ಯಾಶಾಸ್ತ್ರ ಸಂಘವು ೧೮೫೮ರಲ್ಲಿ ಸೇರಿಸಿಕೊಂಡ ಮೊದಲ ಹೆಂಗಸು ಅವಳೇ. ಹಿಂದುಸ್ಥಾನಕ್ಕೆ ಒಮ್ಮೆಯೂ ಬಾರದೆ, ಸಿಕಂದರಾಬಾದಿನಂಥ ದಂಡಿನ ಠಾಣೆಗಳಿಗೆ ಪ್ರಶ್ನಾವಳಿ ಕಳಿಸಿ ಉತ್ತರಗಳನ್ನು ರಾಶಿ ಹಾಕಿ, ಇಲ್ಲಿಯ ಇಂಗ್ಲಿಷ್ ಸೈನಿಕರು ವರ್ಷಕ್ಕೆ ಸಾವಿರಕ್ಕೆ ೬೯ರಂತೆ ಸಾಯುತ್ತಿದ್ದಾರೆಂದೂ, ಸಾಯಿಸುತ್ತಿರುವುದು ಹೊಲಸು ನೀರು ಮತ್ತು ಚರಂಡಿಗಳೆಂದೂ ೧೮೬೩ರ ವರದಿಯಲ್ಲಿ ತೋರಿಸಲು ನೆರವಾದಳು. ಆದರೆ ಅವಳ ಪ್ರಶ್ನೆಗಳಿಗೆ ಉತ್ತರ ಬರೆದವರು ಅಧಿಕಾರಿಗಳು. ಯಾರನ್ನು ಕೇಳಿದ್ದೇವೆ, ಯಾರನ್ನು ಕೇಳಿಲ್ಲ ಎಂಬುದೂ ಲೆಕ್ಕದ ಭಾಗವೇ.

ಇನ್ನೊಬ್ಬ ದಾದಿಯ ಕತೆ ಹೇಳಲೋ ಬೇಡವೋ ಎಂದು ಬಹಳ ಯೋಚಿಸಿದೆನು. ಯೂನಿಸ್ ರಿವರ್ಸ್ ಎಂದು ಆಕೆಯ ಹೆಸರು. ಅಮೆರಿಕೆಯ ಅಲಬಾಮಾ ಪ್ರಾಂತದ ಕರಿಯ ಜನರ ದಾದಿ, ತಾನೂ ಕರಿಯಳು. ೧೯೩೨ರಲ್ಲಿ ಅಲ್ಲಿಯ ಟಸ್ಕೀಗಿ ಎಂಬಲ್ಲಿ ಸರಕಾರದ ಆರೋಗ್ಯ ಇಲಾಖೆಯು ಉಪದಂಶ ರೋಗವಿದ್ದ ೩೯೯ ಮಂದಿ ಬಡ ಕರಿಯ ಗಂಡಸರನ್ನೂ ರೋಗವಿಲ್ಲದ ೨೦೧ ಮಂದಿಯನ್ನೂ ಆರಿಸಿಕೊಂಡು, ಚಿಕಿತ್ಸೆಯಿಲ್ಲದೆ ಬಿಟ್ಟರೆ ಆ ರೋಗ ಹೇಗೆ ನಡೆಯುತ್ತದೆಂದು ನೋಡತೊಡಗಿತು. ರೋಗ ಯಾವುದೆಂದು ಅವರಿಗೆ ಹೇಳಲಿಲ್ಲ, ಕೆಟ್ಟ ರಕ್ತವೆಂದರು. ೧೯೪೭ರ ಹೊತ್ತಿಗೆ ಪೆನಿಸಿಲಿನ್ ಎಲ್ಲೆಡೆ ದೊರೆಯುತ್ತಿದ್ದರೂ ಕೊಡಲಿಲ್ಲ. ೧೯೭೨ರಲ್ಲಿ ಪತ್ರಿಕೆಗಳಲ್ಲಿ ಬಯಲಾಗುವವರೆಗೆ, ೪೦ ವರ್ಷ, ಇದು ನಡೆಯಿತು. ಸಂಖ್ಯೆಯ ದೃಷ್ಟಿಯಿಂದ ನೋಡಿ: ರೋಗಿಗಳ ಗುಂಪಿದೆ, ಹೋಲಿಸಲು ಆರೋಗ್ಯವಂತರ ಗುಂಪಿದೆ, ದೀರ್ಘ ಕಾಲದ ದಾಖಲೆಯಿದೆ. ರಾಸನ ಗುಬ್ಬಿಗಳ ಪ್ರಯೋಗದ ಅದೇ ಅಚ್ಚು. ಗುಬ್ಬಿಯ ಜಾಗದಲ್ಲಿ ಮನುಷ್ಯರು.

ಆ ವೈದ್ಯರು ಬಂದರು, ಹೋದರು. ಬಹುಪಾಲು ವರ್ಷಗಳು ಆ ಜನರೊಂದಿಗೆ ಉಳಿದವಳು ರಿವರ್ಸ್. ತನ್ನ ಕಾರಿನಲ್ಲಿ ಅವರನ್ನು ತಪಾಸಣೆಗೆ ಕರೆದೊಯ್ಯುವಳು, ಮನೆಮಂದಿಯ ಕಷ್ಟ ವಿಚಾರಿಸುವಳು. ಅವರು ವೈದ್ಯರನ್ನು ನಂಬಿ ಬರಲಿಲ್ಲ, ಅವಳನ್ನು ನಂಬಿ ಬಂದರು. ಕೆಟ್ಟವಳಾಗಿದ್ದರೆ ಕತೆ ಸುಲಭವಾಗುತ್ತಿತ್ತು. ಅವಳು ಅವರನ್ನು ಅಕ್ಕರೆಯಿಂದಲೇ ನೋಡಿಕೊಂಡಳು. ಆ ಅಕ್ಕರೆಯೇ ಅವರನ್ನು ಅಲ್ಲಿ ಹಿಡಿದಿಟ್ಟಿತು.

ಈ ನಡುವೆ ಜರ್ಮನಿಯ ನಾಜಿ ವೈದ್ಯರು ಸೆರೆಯಾಳುಗಳ ಮೇಲೆ ನಡೆಸಿದ ಕ್ರೌರ್ಯದ ವಿಚಾರಣೆ ನಡೆದು, ೧೯೪೭ರಲ್ಲಿ ನ್ಯೂರೆಂಬರ್ಗಿನ ನ್ಯಾಯಾಲಯವು ಹತ್ತು ಅಂಶಗಳ ಸಂಹಿತೆಯನ್ನು ಕೊಟ್ಟಿತು. ಮೊದಲನೆಯದೇ ಸ್ವಂತ ಇಚ್ಛೆಯ ಒಪ್ಪಿಗೆ. ೧೯೬೪ರಲ್ಲಿ ಹೆಲ್ಸಿಂಕಿಯ ಘೋಷಣೆ, ನಮ್ಮಲ್ಲಿ ೧೯೮೦ರಲ್ಲಿ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಹೇಳಿಕೆ, ಆಮೇಲೆ ೨೦೦೦, ೨೦೦೬, ೨೦೧೭ರ ಮಾರ್ಗಸೂಚಿಗಳು ಬಂದವು. ನನ್ನ ಸಮಿತಿಯ ಖುರ್ಚಿಗೆ ಆಧಾರ ಈ ಕೊನೆಯದು.

ಮಾರ್ಗಸೂಚಿ ಇದ್ದ ಮೇಲೆ ಎಲ್ಲ ಸರಿಹೋಯಿತೇ? ೨೦೦೯ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ (ಅದೂ ಹಳೆಯ ನಿಜಾಮರ ರಾಜ್ಯದ ನೆಲವೇ) ೧೦ರಿಂದ ೧೪ ವರ್ಷದ ಸಾವಿರಾರು ಹುಡುಗಿಯರಿಗೆ ಗರ್ಭಕಂಠದ ಅರ್ಬುದವನ್ನು ತಡೆಯುವ ಲಸಿಕೆಯನ್ನು ಅಧ್ಯಯನದ ರೂಪದಲ್ಲಿ ಹಾಕಿದರು. ಬಹಳ ಮಂದಿ ಬುಡಕಟ್ಟಿನ ಮಕ್ಕಳು, ಹಾಸ್ಟೆಲಿನಲ್ಲಿದ್ದವರು. ಕೆಲವು ಹುಡುಗಿಯರು ಸತ್ತ ಸುದ್ದಿ ಬಂದು, ೨೦೧೦ರ ಏಪ್ರಿಲಿನಲ್ಲಿ ಸರಕಾರ ಅದನ್ನು ನಿಲ್ಲಿಸಿತು. ಆ ಸಾವುಗಳಿಗೆ ಲಸಿಕೆ ಕಾರಣವೆಂದು ವಿಚಾರಣೆಯಲ್ಲಿ ಕಂಡುಬರಲಿಲ್ಲ. ಇದನ್ನು ಹೇಳಲೇಬೇಕು, ಲಸಿಕೆಗೆ ಸುಳ್ಳು ಅಪವಾದ ಹೊರಿಸುವುದೂ ಅನೀತಿಯೇ. ಕಂಡುಬಂದದ್ದು ಒಪ್ಪಿಗೆಯ ಕಾಗದಗಳ ಅವಸ್ಥೆ. ತಂದೆತಾಯಿಗಳ ಬದಲಿಗೆ ವಾರ್ಡನ್ನರೂ ಮುಖ್ಯೋಪಾಧ್ಯಾಯರೂ ಸಹಿ ಹಾಕಿದ್ದರು. ೨೦೧೩ರಲ್ಲಿ ಸಂಸತ್ತಿನ ಸ್ಥಾಯೀ ಸಮಿತಿ ಇದನ್ನು ಕಟುವಾಗಿ ಖಂಡಿಸಿತು.

ಸಹಿಯ ಮಾತು ಬಂದಾಗ ನನ್ನ ತಪ್ಪೊಂದನ್ನು ಹೇಳಿಬಿಡುವೆನು. ಇಪ್ಪತ್ತು ವರ್ಷದ ಹಿಂದೆ ನನ್ನ ತಾಯಿ ಒಂದು ಆಸ್ಪತ್ರೆಯಲ್ಲಿ ಮಲಗಿದ್ದರು; ಯಾವ ಊರಿನ ಯಾವ ಆಸ್ಪತ್ರೆ ಎಂಬುದು ಇಲ್ಲಿ ಬೇಡ. ಬೆಳಿಗ್ಗೆ ಒಮ್ಮೆ ತೆಗೆದ ರಕ್ತವನ್ನು ಸಂಜೆ ಮತ್ತೆ ತೆಗೆಯಬೇಕೆಂದು ಒಬ್ಬರು ಬಂದು ಕಾಗದ ಮುಂದೆ ಹಿಡಿದರು. ಓದದೆ ಸಹಿ ಮಾಡಿದೆನು. ನಾನು ಎಂ.ಎ. ಓದಿದವನು, ಇಂಗ್ಲಿಷ್ ಕಾಗದವೆಂದು ಓದದೆ ಬಿಟ್ಟೆನೆಂದಲ್ಲ, ಕೇಳಿದರೆ ಅವರು ಬೇಸರಪಟ್ಟಾರು ಎಂದು. ಎರಡನೆಯ ಸಲದ ರಕ್ತ ಯಾರದೋ ಪ್ರಬಂಧಕ್ಕೆಂದು ಬಿಡುಗಡೆಯ ದಿನ ತಿಳಿಯಿತು. ತಾಯಿ ಸಿಟ್ಟಾಗಲಿಲ್ಲ. “ನನ್ನ ರಕ್ತದಾಗ ಅವರಿಗೆ ಏನ್ ಸಿಕ್ತಂತ?” ಎಂದು ಮಾತ್ರ ಕೇಳಿದರು. ಬಹಳ ದಿನ ಕೇಳುತ್ತಿದ್ದರು. ಉತ್ತರ ತರಲು ನಾನು ಮತ್ತೆ ಆ ಕಡೆ ಹೋಗಲಿಲ್ಲ.

ನಮ್ಮ ಹುಡುಗಿಯರು ಆರಿಸಿಕೊಂಡ ವಿಷಯ ಗರ್ಭಿಣಿಯರು ನುಂಗುವ ಕಬ್ಬಿಣದ ಗುಳಿಗೆ. ದೇಶದಲ್ಲಿ ೨೦೧೯–೨೧ರ ಸಮೀಕ್ಷೆಯಂತೆ ಗರ್ಭಿಣಿಯರಲ್ಲಿ ಶೇಕಡಾ ೫೨ ಮಂದಿಗೆ ರಕ್ತಹೀನತೆ. ಸರಕಾರ ದಿನಕ್ಕೊಂದರಂತೆ ೧೮೦ ಕೆಂಪು ಗುಳಿಗೆಗಳನ್ನು ಪುಕ್ಕಟೆಯಾಗಿ ಕೊಡುತ್ತದೆ. ನುಂಗುತ್ತಾರೆಯೇ? ಊರು ಕಮಲಾಪುರ, ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ, ಈಗ ತಾಲೂಕಿನ ಸ್ಥಳ, ಕೆಂಪು ಬಾಳೆಯಿಂದ ದೂರ ದೂರದವರೆಗೆ ಹೆಸರಾದ ಊರು.

ಅವರ ಮೊದಲ ಯೋಜನೆಯಲ್ಲಿ ಬಸ್ಸಿಳಿದು ರಸ್ತೆಯ ಬದಿಯ ಮನೆಗಳನ್ನು ನೋಡಿಕೊಂಡು ಬರುವುದೆಂದಿತ್ತು. ಸಮಿತಿಯ ಸಂಖ್ಯಾಶಾಸ್ತ್ರಜ್ಞರು ಅದನ್ನು ಒಪ್ಪಲಿಲ್ಲ. ರಸ್ತೆಯ ಬದಿಯವರು ಅಂಗಡಿಯಿಟ್ಟವರು, ಒಳಗಿನ ಓಣಿಯವರು ಬೇರೆ, ಸುತ್ತಿನ ತಾಂಡಾದವರು ಬೇರೆ. ಅಂಗನವಾಡಿಗಳ ಯಾದಿಯಿಂದ ಚೀಟಿ ಎತ್ತಿ ಹೆಸರು ಆಯಬೇಕೆಂದು ಗೊತ್ತಾಯಿತು. ಗುಳಿಗೆ ನುಂಗುತ್ತೀರಾ ಎಂಬುದು ಅವರ ಮೊದಲ ಪ್ರಶ್ನೆಯಾಗಿತ್ತು. ಬಿಳಿಯ ಅಂಗಿ ತೊಟ್ಟ ದಾದಿ ಬಾಗಿಲಲ್ಲಿ ನಿಂತು ಹಾಗೆ ಕೇಳಿದರೆ ಇಲ್ಲ ಎನ್ನುವ ಹೆಂಗಸು ಯಾರು? ಕೇಳುವುದರ ಜೊತೆಗೆ ಡಬ್ಬಿಯಲ್ಲಿ ಉಳಿದ ಗುಳಿಗೆಗಳನ್ನು ಎಣಿಸಬೇಕೆಂದು ಒಬ್ಬ ವಿದ್ಯಾರ್ಥಿನಿಯೇ ಸೂಚಿಸಿದಳು. ಹೆಸರಿನ ಬದಲು ಅಂಕಿ ಬರೆಯಬೇಕೆಂಬುದನ್ನು ಯಾರೂ ವಿವರಿಸಬೇಕಾಗಲಿಲ್ಲ. ದೇಶದ ಮೊದಲ ಕೋವಿಡ್ ಸಾವು ೨೦೨೦ರ ಮಾರ್ಚ್ ೧೦ರಂದು ಆದದ್ದು ಕಲಬುರಗಿಯವರಿಗೇ. ಆ ದಿನಗಳಲ್ಲಿ ಯಾರ ಮನೆ, ಯಾವ ಓಣಿ ಎಂಬುದು ಫೋನಿನಿಂದ ಫೋನಿಗೆ ಹಾರಿದ್ದನ್ನು ಈ ಮಕ್ಕಳೆಲ್ಲ ಕಂಡವರು.

ಒಪ್ಪಿಗೆಯ ಕಾಗದ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ನಾನು ಸ್ವಯಂಪ್ರೇರಣೆ, ಸಹಭಾಗಿತ್ವ, ಗೌಪ್ಯತೆ ಎಂದು ಒಂದು ಪುಟ ತುಂಬ ಬರೆದುಕೊಟ್ಟು ಬೀಗಿದೆನು. ಪರೀಕ್ಷೆಗೆಂದು ಒಬ್ಬ ಮುದುಕಿಗೆ ಓದಿ ತೋರಿಸಿದಾಗ ಆಕೆ, “ಯಪ್ಪಾ, ಇದು ಕೋರ್ಟಿನ ಕಾಗದ ಏನು?” ಎಂದಳು. ಹರಿದು ಹಾಕಿ ಮತ್ತೆ ಬರೆದೆನು. ನಾವು ನರ್ಸಿಂಗ್ ಕಲಿಯುವ ಹುಡುಗಿಯರು, ಗುಳಿಗೆಯ ವಿಷಯ ಕೇಳಲು ಬಂದಿದ್ದೇವೆ, ಇದರಿಂದ ನಿಮಗೆ ರೇಷನ್ನೂ ಬರುವುದಿಲ್ಲ ರೊಕ್ಕವೂ ಬರುವುದಿಲ್ಲ, ಒಲ್ಲೆ ಎಂದರೂ ನಿಮ್ಮ ಗುಳಿಗೆ ನಿಲ್ಲುವುದಿಲ್ಲ, ನಡುವೆ ಸಾಕೆನಿಸಿದರೆ ಸಾಕು ಎನ್ನಿರಿ, ಎಲ್ಲ ಮುಗಿದ ಮೇಲೆ ಏನು ಕಂಡೆವೆಂದು ಅಂಗನವಾಡಿಯಲ್ಲಿ ಬಂದು ಹೇಳುತ್ತೇವೆ. ಈ ಕೊನೆಯ ಮಾತು ನನ್ನ ತಾಯಿಯದು. ಉರ್ದು ಮನೆಗಳಿಗೆ ದಖ್ಖನಿಯಲ್ಲಿ, ತಾಂಡಾದಲ್ಲಿ ಲಂಬಾಣಿಯಲ್ಲಿ ಓದಿ ಹೇಳಲು ಆ ಮಾತಿನ ಹುಡುಗಿಯರೇ ತರಗತಿಯಲ್ಲಿದ್ದರು. ಹೆಬ್ಬೆಟ್ಟು ಒತ್ತುವವರಿದ್ದರೆ ಗುಂಪಿಗೆ ಸೇರದ ಹೊರಗಿನವರೊಬ್ಬರು ಸಾಕ್ಷಿ ಇರಬೇಕು.

ಒಂದು ದಿನ ನಾನೂ ಅವರೊಡನೆ ಹೋದೆನು. ಮೂರನೆಯ ಮನೆಯಲ್ಲಿ ಅತ್ತೆ ಹೊಸ್ತಿಲಲ್ಲಿಯೇ ಚಾಪೆ ಹಾಸಿ, “ಬಾ ಯವ್ವಾ, ಕೂಡು, ಏನ್ ಬೇಕು ಬರಕೋ. ನಮ್ಮ ಸೊಸಿ ಗುಳಿಗಿ ದಿನಾ ನುಂಗ್ತಾಳ” ಎಂದಳು. ಹುಡುಗಿ ನಗುತ್ತ, “ಆಯೀ, ಅಕ್ಕನ್ನ ಕೇಳಬೇಕ್ರಿ” ಎಂದು ಒಳಗೆ ಬಾಗಿಲ ಮರೆಯಲ್ಲಿ ನಿಂತ ಸೊಸೆಗೆ ಕಾಗದವನ್ನು ನಿಧಾನವಾಗಿ ಓದಿದಳು. ಸೊಸೆ ಕೊನೆಯವರೆಗೆ ಕೇಳಿ, “ಒಲ್ಲೆ ಅಂದ್ರ ನಾಳಿ ಗುಳಿಗಿ ಖರೇನಽ ಕೊಡ್ತಾರೇನ್ರಿ?” ಎಂದಳು. ಕೊಡ್ತಾರಕ್ಕ ಎಂದಿತು ಹುಡುಗಿ. “ಹಂಗಾದ್ರ ನಾ ಒಲ್ಲೆ ನೋಡ್ರಿ.”

ಅತ್ತೆ ಸಿಡುಕಿದಳು. ಮನೆಗೆ ಬಂದವರ ಮುಂದೆ ಹೀಗೆ ಅನ್ನಬಹುದೇ ಎಂದು ನನ್ನನ್ನೇ ಕೇಳಿದಳು. ಹುಡುಗಿ ಪುಸ್ತಕದಲ್ಲಿ ಅಂಕಿಯ ಮುಂದೆ ನಿರಾಕರಣೆ ಎಂದು ಬರೆದು, ಡಬ್ಬಿಯನ್ನು ಕೇಳದೆ ಎದ್ದಳು. ಆಗ ಸೊಸೆ ಒಳಗೆ ಹೋಗಿ ನಾಲ್ಕು ಕೆಂಪು ಬಾಳೆಹಣ್ಣು ತಂದು ಅವಳ ಕೈಯಲ್ಲಿಟ್ಟಳು. ತೆಗೆದುಕೊಳ್ಳಬಹುದೇ ಎಂದು ಹುಡುಗಿ ನನ್ನತ್ತ ನೋಡಿದಳು. ಮಾರ್ಗಸೂಚಿಯಲ್ಲಿ ಅದರ ಮಾತು ನನಗೆ ನೆನಪಾಗಲಿಲ್ಲ. ತೆಗೆದುಕೊಂಡು, ಮುಂದಿನ ಮನೆಯ ಚೀಟಿ ನೋಡುತ್ತ ಓಣಿಗೆ ಇಳಿದೆವು.